ಅಜ್ಜಿ ನೋಡಿದ ಮನುಷ್ಯರ ಸಿನಿಮಾ

ಇವತ್ತು ಟಿವಿಯಲ್ಲಿ ಕಪ್ಪುಬಿಳುಪು ಸಿನಿಮಾ ನೋಡುವಾಗ, ನನ್ನ ತಲೆ ಬಾಚುತ್ತ ಅಜ್ಜಿ ಹೇಳುತ್ತಿದ್ದ ಆದೋನಿಯ ಟೆಂಟು ಸಿನಿಮಾ ನೆನಪಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಊರಿಗೆ ಸೊಸೆಯಾಗಿ ಬಂದ ಆಕೆಗೆ ದೇವರ ಸಿನಿಮಾಕ್ಕೆ ಮಾತ್ರ ಅಪ್ಪಣೆ. ಪರದೆಯ ಮೇಲೆ ದೇವರು ಬಂದಾಗ ಜನ ಒಡೆಯುವ ತೆಂಗಿನಕಾಯಿಯ ಹೋಳನ್ನು ಸಾಕ್ಷಿಯಾಗಿ ತಂದು ಅತ್ತೆಗೆ ತೋರಿಸಬೇಕಿತ್ತು. ಒಂದು ಸಂಜೆ ಬರಿಗೈಯಲ್ಲಿ ಬಂದಳು.

“ಕಾಯಿ ಎಲ್ಲೈತಿ?”

“ದೇವರದಲ್ಲರಿ ಅತ್ತಿ. ಗಂಡನ್ನ ಬಿಟ್ಟು ಹೋದಾಕಿ ಕಥಿ. ಭಾಳ ಚಂದ ಐತಿ.”

“ಇನ್ನ ಟೆಂಟಿನ ಕಡೆ ಹೆಜ್ಜಿ ಇಟ್ಟು ನೋಡು.”

“ನಾಳೆ ಕತ್ತಿ ಕಾಳಗದ್ದು ಐತಂತ್ರಿ. ನೀವೂ ಬರ್ರಿ.”

ಅತ್ತೆ ಬರಲಿಲ್ಲ. ಅಜ್ಜಿ ಹೋದಳು.

ಆದರೆ ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಾನು ಇಷ್ಟು ದಿನ ವಿಮರ್ಶೆ ಓದಿಯೇ ಸಿನಿಮಾ ಮೆಚ್ಚುತ್ತಿದ್ದೆ. ಅದು ಅಭಿರುಚಿಯೋ, ಅಂಜಿಕೆಯೋ?

“ಅಮ್ಮಾ, ಈ ಹಳೇ ಕಸ ಯಾಕ ನೋಡ್ತಿ?” ಎಂದಳು ಮಗಳು.

“ನನಗ ಸೇರ್ತೈತಿ” ಎಂದು ಟಿವಿಯ ಧ್ವನಿ ಜೋರು ಮಾಡಿದೆ.