ಚಿಲಮಾತೆ ಮರ ಇದ್ದಲ್ಲಿಂದ ಕೆರೆ ಕಡೆಗೆ

ಆ ಗುರುವಾರದ ಹೊತ್ತಿಗೆ ತೆಲ್ಮಾ ಪೊತೊಸ್ಮೆ ಒಂದೇ ವಾರದಲ್ಲಿ ನಕ್ಷೆ ಬಿಡಿಸುವ ನಾಲ್ಕು ತಂತ್ರಾಂಶಗಳನ್ನು ನೋಡಿಯಾಗಿತ್ತು. ಯಾವುದೂ ಕೈಗೆ ಹತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಮೂರಕ್ಕೆ ನಕ್ಷೆ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಎವೆರ್ತ್ ಮೇಷ್ಟ್ರು ತಮ್ಮ ದಪ್ಪ ಪುಸ್ತಕ ಬಿಚ್ಚಿ, ಯಾರೋ ಎಲ್ಲೋ ಕಟ್ಟಿಟ್ಟ ಸಿದ್ಧಲೋಕದಲ್ಲಿ ಮುಂದಿನ ಆಟ ಶುರುಮಾಡುತ್ತಾರೆ. ಒಮ್ಮೆ ಶುರುವಾದ ಆಟ ಮುಗಿಯಲು ಒಂದು ವರ್ಷವಾದರೂ ಬೇಕು. ಅಷ್ಟು ದಿನ ತನ್ನ ಲೋಕವನ್ನು ತಲೆಯಲ್ಲೇ ಹೊತ್ತು ತಿರುಗುವ ತಾಳ್ಮೆ ಅವಳಿಗಿರಲಿಲ್ಲ.

ಮೇಷ್ಟ್ರು ಒಂದು ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವರು. ಭಾನುವಾರ ಅವರ ಮನೆಯಲ್ಲಿ ನಾಲ್ಕೈದು ಜನ ಸೇರುತ್ತಿದ್ದರು. ಒಬ್ಬರು ಕಥೆ ನಡೆಸುವುದು, ಉಳಿದವರು ಆ ಕಥೆಯೊಳಗಿನ ವೀರರಾಗಿಯೋ ಕಳ್ಳರಾಗಿಯೋ ಮಾತಾಡುವುದು, ಗೆಲುವು ಸೋಲನ್ನು ದಾಳಕ್ಕೆ ಬಿಡುವುದು. ಎರಡು ವರ್ಷದ ಹಿಂದೆ ಅವರನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೋದ, ತೆಲ್ಮಾಳ ಜೊತೆ ಕೆಲಸ ಮಾಡುವ ಚಾಲಕ ಫನೋರ್, ದಾರಿಯುದ್ದಕ್ಕೂ ದಾಳದ ಡಬ್ಬಿಯ ಸದ್ದು ಕೇಳಿ, ಅದೇನೆಂದು ವಿಚಾರಿಸಿ, ಮುಂದಿನ ವಾರ ತಾನೇ ಹೋಗಿ ಕೂತಿದ್ದ. ಅದರ ಮುಂದಿನ ವಾರ ತೆಲ್ಮಾಳನ್ನೂ ಎಳೆದುಕೊಂಡು ಹೋಗಿದ್ದ.

"ನಿಮ್ಮ ಕಥೆ ಚೆನ್ನಾಗಿದೆ ತೆಲ್ಮಾ," ಎಂದಿದ್ದರು ಮೇಷ್ಟ್ರು, ಮುಂದಿನ ಆಟ ತನ್ನ ಲೋಕದಲ್ಲಿ ನಡೆಸುತ್ತೇನೆಂದು ಅವಳು ಕೇಳಿಕೊಂಡಾಗ. "ಆದ್ರೆ ಬಾಯಲ್ಲಿ ಹೇಳಿದ್ರೆ ಸಾಕಾಗಲ್ಲ. ನಾವು ಎಲ್ಲಿ ನಿಂತಿದೀವಿ ಅಂತ ಬೆರಳಿಟ್ಟು ತೋರ್ಸೋಕೆ ಒಂದು ಊರು ಬೇಕಲ್ವಾ?"

ತೆಲ್ಮಾಳಿಗೆ ಮೂವತ್ತೆಂಟು. ಹತ್ತೊಂಬತ್ತನೆಯ ವಯಸ್ಸಿನಿಂದ, ಬೀದಿಗಳಿಗೆ ಹೆಸರಿಲ್ಲದ ಮನಾಗುವಾ ಪಟ್ಟಣದ ಒಂದು ಟ್ಯಾಕ್ಸಿ ಸಂಘದ ರೇಡಿಯೊ ಕೋಣೆಯಲ್ಲಿ ಕೂತಿದ್ದಾಳೆ. ಫೋನೆತ್ತಿದರೆ ಗಿರಾಕಿ ಹೇಳುತ್ತಾನೆ: "ಹಳೇ ಸೋಡಾ ಕಾರ್ಖಾನೆ ಇದ್ದಲ್ಲಿಂದ ಎರಡು ಕ್ರಾಸು ಕೆರೆ ಕಡೆಗೆ, ಅರ್ಧ ಕ್ರಾಸು ಮೇಲಕ್ಕೆ." ಮೇಲಕ್ಕೆ ಎಂದರೆ ಹೊತ್ತು ಹುಟ್ಟುವ ದಿಕ್ಕು, ಕೆಳಕ್ಕೆ ಎಂದರೆ ಮುಳುಗುವ ದಿಕ್ಕು. ಕಾರ್ಖಾನೆ ಭೂಕಂಪದಲ್ಲಿ ನೆಲಕಚ್ಚಿ ಐವತ್ತು ವರ್ಷದ ಮೇಲಾಯಿತು. ಆದರೂ ಕಾರು ಅಲ್ಲಿಂದಲೇ ತಿರುಗಬೇಕು. ತೆಲ್ಮಾ ಹುಟ್ಟಿದ್ದು ಆ ಭೂಕಂಪದ ಎಷ್ಟೋ ವರ್ಷಗಳ ನಂತರ. ಕಣ್ಣಲ್ಲಿ ಕಾಣದ ಆ ಹಳೆ ಪಟ್ಟಣದ ಮೂಲೆ ಮೂಲೆಯೂ ಅವಳ ನಾಲಗೆಯ ತುದಿಯಲ್ಲಿತ್ತು. ತಾಯಿ ದೋನ್ಯಾ ಓರ್ಬೆಲಿನಾ ಬಟ್ಟೆ ಹೊಲಿಯುವವಳು. ಹೊಲಿದ ಲಂಗಗಳನ್ನು ಮನೆಮನೆಗೆ ಮುಟ್ಟಿಸಲು ಮಗಳನ್ನು ಕಳಿಸುವಾಗ, ಬಿದ್ದುಹೋದ ಚಿತ್ರಮಂದಿರ, ಕಡಿದುಹೋದ ಮರ, ಮುಚ್ಚಿಹೋದ ಬೇಕರಿ, ಇವುಗಳ ಹೆಸರಲ್ಲೇ ದಾರಿ ಹೇಳುತ್ತಿದ್ದಳು.

ತೆಲ್ಮಾಳ ಲೋಕ ಹುಟ್ಟಿದ್ದು ಅಲ್ಲಿಂದಲೇ. ಅದರಲ್ಲಿ ಸಿಯಾನಾ ಎಂಬ ಊರು. ಊರ ಪಕ್ಕದ ಸರೋವರದ ತಳದಲ್ಲಿ ಮಲಗಿದ್ದ ಆಮೆಯೊಂದು ಒಮ್ಮೆ ಮಗ್ಗುಲು ಬದಲಿಸಿತು, ಅರ್ಧ ಊರು ಬಿತ್ತು. ಬಿದ್ದದ್ದು ಎಲ್ಲಿತ್ತೋ ಸರಿಯಾಗಿ ಅಲ್ಲೇ ನಿಂತು, ಸರಿಯಾದ ಕಡೆಗೆ ತಿರುಗಿದವರು ಹಳೆ ಊರಿನೊಳಗೆ ಕಾಲಿಡಬಲ್ಲರು. ಒಂದು ಮೇಣದಬತ್ತಿ ಉರಿದು ಮುಗಿಯುವಷ್ಟು ಹೊತ್ತು ಮಾತ್ರ.

ಇದನ್ನು ಬಿಡಿಸುವುದು ಯಾವುದರಲ್ಲಿ? ಸೋಮವಾರ ಸಿಕ್ಕಿದ್ದು ಸಿದ್ಧಚಿತ್ರಗಳನ್ನು ಎಳೆದು ತಂದು ಕೂರಿಸುವ ಜಾಲತಾಣ. ಕೋಟೆ, ದೇವದಾರು, ಹಿಮದ ಟೋಪಿ ಹಾಕಿದ ಬೆಟ್ಟ. ಹತ್ತು ನಿಮಿಷದಲ್ಲಿ ಕಣ್ಣು ಕುಕ್ಕುವಂಥ ನಕ್ಷೆ ತಯಾರಾಯಿತು. ನೋಡಿದಷ್ಟೂ ಬೇರೆಯವರ ಮದುವೆಗೆ ಬೇರೆಯವರ ಸೀರೆ ಉಟ್ಟುಕೊಂಡು ಹೋದಂತೆ ಮುಜುಗರ. ಕೆರೆಯಾಚೆ ಬೆಂಕಿ ಉಗುಳುವ ಮೊಮೊತೊಂಬೊ ಬೆಟ್ಟದ ತಲೆಯ ಮೇಲೆ ಹಿಮ ಕಂಡವರುಂಟೆ? ಮಂಗಳವಾರದ್ದು ಗುಂಡಿ ಒತ್ತಿದರೆ ತಾನೇ ಲೋಕ ಸೃಷ್ಟಿಸುವಂಥದ್ದು. ನದಿ, ರಾಜ್ಯ, ರಾಜರ ಹೆಸರು ಎಲ್ಲವೂ ಅದರದ್ದೇ. ತೆಲ್ಮಾ ನಲವತ್ತಮೂರು ಸಲ ಒತ್ತಿದಳು. ನಲವತ್ತಮೂರು ಲೋಕಗಳು ಬಂದು ಹೋದವು, ಸರೋವರ ಒಂದರಲ್ಲೂ ಇರಬೇಕಾದಲ್ಲಿ ಇರಲಿಲ್ಲ. ಬುಧವಾರ ಇಳಿಸಿಕೊಂಡದ್ದು ಪುಕ್ಕಟೆ ಸಿಗುವ ದೊಡ್ಡ ಚಿತ್ರ ತಂತ್ರಾಂಶ. ಅದರ ಕುಂಚಗಳ ಪಟ್ಟಿ ನೋಡುವುದರಲ್ಲೇ ಊಟದ ಬಿಡುವು ಕಳೆಯಿತು. ಸಿಟ್ಟಿಗೆ ಅಳಿಸಿಹಾಕಿದಳು. ಗುರುವಾರ ಫೋನಿನಲ್ಲೇ ಬೆರಳಲ್ಲಿ ಗೀಚುವ ಇನ್ನೊಂದು. ಬೆರಳು ದಪ್ಪ, ಪರದೆ ಸಣ್ಣದು, ಊರೆಲ್ಲ ಕಲಸಿದ ಹಿಟ್ಟಾಯಿತು.

ಹೊಸಬರಿಗೆ ಯಾವುದು ಒಳ್ಳೆಯದೆಂದು ಅಂತರ್ಜಾಲದ ಗುಂಪೊಂದರಲ್ಲಿ ಕೇಳಿದಳು. ಮೂವತ್ತೊಂದು ಉತ್ತರ ಬಂದವು, ಒಂದಕ್ಕೊಂದು ತಾಳೆಯಿಲ್ಲ. ಮೇಜಿನಡಿ ಅವಳ ಕಾಲು ಕುಣಿಯುತ್ತಲೇ ಇತ್ತು. ಎರಡು ಫೋನಿನ ನಡುವೆ ಒಂದು ಪಾಠದ ವಿಡಿಯೊ, ಅದು ಅರ್ಧವಾಗುವಷ್ಟರಲ್ಲಿ ಇನ್ನೊಂದು. ಆ ಗಡಿಬಿಡಿಯಲ್ಲಿ ಒಂದು ಕಾರನ್ನು ಕೆರೆ ಕಡೆಗೆ ಕಳಿಸುವ ಬದಲು ಬೆಟ್ಟದ ಕಡೆಗೆ ಕಳಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ರೇಡಿಯೊದಲ್ಲಿ ಫನೋರನ ದನಿ ಬಂತು. "ಕೇಂದ್ರ, ಕೇಂದ್ರ. ತೆಲ್ಮಿತಾ, ನೀನು ಇರೋದು ಮನಾಗುವಾದಲ್ಲೋ ಸಿಯಾನಾದಲ್ಲೋ? ಗಿರಾಕಿ ಕೇಳ್ತಿದಾರೆ."

"ಬಾಯಿ ಮುಚ್ಕೊಂಡು ಗಾಡಿ ತಿರುಗ್ಸು, ಫನೋರ್."

"ತಿರುಗಿಸ್ತೀನಿ. ಆಮೆ ಮಲಗಿದ್ಯೋ ಎದ್ದಿದ್ಯೋ, ಅಷ್ಟು ಹೇಳಿಬಿಡು."

ಶನಿವಾರ ಬೇರೆ ದಾರಿ ಕಾಣದೆ ಸೋಮವಾರದ ಸಿದ್ಧಚಿತ್ರಗಳ ತಾಣಕ್ಕೇ ಮರಳಿದಳು. ಬೆಳಿಗ್ಗೆ ಏಳರಿಂದ ಕೂತು ಇಡೀ ಊರು ತುಂಬಿಸಿದಳು. ಮಧ್ಯಾಹ್ನ ಊಟಕ್ಕೆ ಬಂದ ಫನೋರನನ್ನು ಅಂಗಳದಲ್ಲಿ ಕೂರಿಸಿ, ನಕ್ಷೆ ಆಟಕ್ಕೆ ಒದಗುತ್ತದೋ ನೋಡಲು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ತಾಯಿ ಪಕ್ಕದಲ್ಲೇ ಹೊಲಿಗೆ ಮೇಜಿನ ಮೇಲೆ ಬಟ್ಟೆ ಹಾಸಿಕೊಂಡಿದ್ದಳು.

"ನೀನು ಊರಿನ ಬಾಗಿಲಲ್ಲಿದೀಯ. ಚಿಲಮಾತೆ ಮರ ಇದ್ದಲ್ಲಿಂದ ಎರಡು ಕ್ರಾಸು ಕೆರೆ ಕಡೆಗೆ ಹೋಗು."

ಫನೋರ್ ಬೆರಳಿಟ್ಟ. "ಮರ ಇಲ್ಲಿದೆ. ಅಂದ್ರೆ ಇನ್ನೂ ನಿಂತಿದೆ."

"ನಿಂತಿಲ್ಲ. ಬಿದ್ದು ಕಾಲ ಆಯ್ತು."

"ಬಿದ್ದಿದ್ದನ್ನ ಯಾಕೆ ಬಿಡಿಸ್ದೆ?"

"ಬಿಡಿಸ್ದೇ ಇದ್ರೆ ನೀನು ತಿರುಗೋದೆಲ್ಲಿ?"

ಫನೋರ್ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. "ಇದೇನಿದು, ಇಗರ್ಜಿ ಮೇಲೆ ಟಯರ್ ಅಂಗಡಿ, ಅಂಗಡಿ ಮೇಲೆ ಮರ. ಪಾದ್ರಿ ಪ್ರಾರ್ಥನೆ ಮಾಡ್ಬೇಕಾದ್ರೆ ಪಂಕ್ಚರೂ ಹಾಕ್ತಾನಾ?"

ತೆಲ್ಮಾ ಆಗ ನೋಡಿದಳು. ನಕ್ಷೆ ಬಿಡಿಸುವವರು ಇರುವುದನ್ನು ಬಿಡಿಸುತ್ತಾರೆ. ಅವಳು ಇರುವುದನ್ನೂ ಇದ್ದದ್ದನ್ನೂ ಒಂದೇ ನೆಲದ ಮೇಲೆ ಒಟ್ಟಿದ್ದಳು, ದಿನವಿಡೀ ರೇಡಿಯೊದಲ್ಲಿ ಮಾತಾಡಿದ ಹಾಗೆಯೇ. ಮಾತಿನಲ್ಲಿ ಎರಡು ಊರು ಒಂದರೊಳಗೊಂದು ಇರುತ್ತವೆ, ಯಾರಿಗೂ ತೊಂದರೆಯಿಲ್ಲ. ಪರದೆಯ ಮೇಲೆ ಜಾಗ ಸಾಲಲಿಲ್ಲ.

"ಮುಗೀತು. ನಾಳೆ ಮೇಷ್ಟ್ರ ಪುಸ್ತಕವೇ ಗತಿ," ಎಂದು ಎದ್ದುಬಿಟ್ಟಳು. ಬಾಗಿಲವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು.

"ಸುತ್ತಬೇಡ ಕಣೇ, ಗಾಳಿಗೆ ಕಾಗದ ಹಾರತ್ತೆ," ಎಂದಳು ತಾಯಿ. ಅವಳ ಕೈಕೆಳಗೆ ಯಾರದೋ ಹಳೆ ರವಿಕೆಯ ಅಳತೆಯ ಕಾಗದ, ಅದರ ಮೇಲೆ ಬೆಳಕು ತೂರುವಷ್ಟು ತೆಳ್ಳನೆಯ ಹೊಸ ಹಾಳೆ. ಕೆಳಗಿನ ಗೆರೆ ಮೇಲೆ ಮಸುಕಾಗಿ ಕಾಣುತ್ತಿತ್ತು. ಮುದುಕಿ ಅದನ್ನೇ ನೋಡಿಕೊಂಡು, ಅದಕ್ಕಿಂತ ಎರಡು ಬೆರಳು ಆಚೆ ಹೊಸ ಗೆರೆ ಎಳೆಯುತ್ತಿದ್ದಳು.

ತೆಲ್ಮಾ ನಿಂತಳು. "ಹಳೇದನ್ನ ಯಾಕಮ್ಮ ಕೆಳಗಿಡ್ತೀಯ? ಆ ಹೆಂಗಸು ದಪ್ಪಗಾಗಿದಾಳಲ್ಲ."

"ದಪ್ಪಗಾದ್ರೂ ಭುಜ ಅದೇ ಅಲ್ವಾ? ಹಳೇದು ಕಾಣ್ಬೇಕು. ಅದರ ಮೇಲೆ ಕತ್ತರಿ ಹಾಕ್ಬಾರ್ದು, ಅಷ್ಟೆ."

ಒಂದು ವಾರದಿಂದ ತೆಲ್ಮಾ ಕೇಳುತ್ತಿದ್ದದ್ದು ಯಾವುದು ಚೆನ್ನಾಗಿದೆ, ಯಾವುದು ಸುಲಭ ಎಂದು. ಈಗ ಕೇಳಬೇಕಾದ್ದು ಒಂದೇ ಇತ್ತು: ಯಾವುದರಲ್ಲಿ ಒಂದು ಹಾಳೆಯ ಮೇಲೆ ಇನ್ನೊಂದು ಹಾಳೆ ಹಾಸಿ, ಕೆಳಗಿನದನ್ನು ಮಸುಕು ಮಾಡಬಹುದು? ಬುಧವಾರ ಅಳಿಸಿದ್ದ ಆ ದೊಡ್ಡ ತಂತ್ರಾಂಶದ ಬಲಮೂಲೆಯಲ್ಲಿ ಪದರಗಳ ಪಟ್ಟಿಯೊಂದು ಇದ್ದದ್ದು ನೆನಪಾಯಿತು. ಮತ್ತೆ ಇಳಿಸಿಕೊಂಡಳು. ಈ ಸಲ ಕುಂಚಗಳ ಪಟ್ಟಿಯನ್ನು ತೆರೆಯಲೇ ಇಲ್ಲ. ತೆರೆದೊಡನೆ ಸಿಕ್ಕ ಒಂದೇ ಕಪ್ಪು ಕುಂಚ, ಎರಡೇ ಪದರ. ಕೆಳಗೆ ಹಳೆ ಸಿಯಾನಾ, ಮೇಲೆ ಈಗಿನದು. ಮೌಸ್ ಹಿಡಿದು ಎಳೆದ ಬೀದಿಗಳೆಲ್ಲ ಹುಳುವಿನಂತೆ ಹರಿದವು. ಸರಿಪಡಿಸುತ್ತ ಕೂರಲು ಹೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ನಕತಮಾಲ್ ಬಿಚ್ಚಿ ತಿನ್ನುತ್ತಾ ತಾಯಿ ಪರದೆಯತ್ತ ಇಣುಕಿದಳು. "ಚಿಲಮಾತೆ ಅಲ್ಲಿರ್ಲಿಲ್ಲ. ಇನ್ನೊಂದು ಕ್ರಾಸು ಕೆಳಕ್ಕೆ."

"ಅಮ್ಮಾ, ಇದು ನಾನು ಕಟ್ಟಿದ ಊರು. ಮನಾಗುವಾ ಅಲ್ಲ."

"ಊರು ನೀನು ಕಟ್ಕೋ. ಆ ಮರದ ಕೆಳಗೆ ನಿಮ್ಮಪ್ಪನ್ನ ಕಾಯ್ತಾ ನಿಂತವಳು ನಾನು."

ತೆಲ್ಮಾ ಮರವನ್ನು ಒಂದು ಕ್ರಾಸು ಕೆಳಕ್ಕೆ ಸರಿಸಿದಳು. ಮೇಲಿನ ಊರಿನ ಒಂದು ಗೆರೆಯೂ ಅಲುಗಲಿಲ್ಲ.

ಮೂರು ಗಂಟೆಗೆ ಎವೆರ್ತ್ ಮೇಷ್ಟ್ರ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಾಗ, ಆ ಮೇಜಿನ ಒಂದು ಕಾಲು ಗಿಡ್ಡವಾದ್ದರಿಂದ ಸಿಯಾನಾ ಅತ್ತಿತ್ತ ತೂಗಾಡಿತು. ಮೇಷ್ಟ್ರು ಕನ್ನಡಕ ಏರಿಸಿದರು. ದಪ್ಪ ಪುಸ್ತಕ ಅವರ ತೊಡೆಯ ಮೇಲೇ ಇತ್ತು.

"ಬೆಟ್ಟ ಯಾಕೋ ತುಳಿದ ರೊಟ್ಟಿ ಥರ ಇದೆ," ಎಂದರು.

"ಹೌದು," ಎಂದಳು ತೆಲ್ಮಾ.

"ಈ ಮಸುಕಾಗಿ ಕಾಣೋದು?"

"ಮೊದಲು ಇದ್ದದ್ದು."

ಮೇಷ್ಟ್ರು ಪರದೆಯತ್ತ ಬಗ್ಗಿದರು. ಫನೋರ್ ಕಾಯಲಿಲ್ಲ. ತನ್ನ ವೀರನ ದಪ್ಪ ದನಿ ತೆಗೆದು, "ಕಾವಲುಗಾರನೇ, ಬೇಕರಿಗೆ ದಾರಿ ಯಾವುದು?" ಎಂದ.

ತೆಲ್ಮಾ ಯೋಚಿಸಲಿಲ್ಲ. ಹತ್ತೊಂಬತ್ತು ವರ್ಷ ಮಾತಾಡಿದ ದನಿಯೇ ಬಂತು. "ಚಿಲಮಾತೆ ಮರ ಇದ್ದಲ್ಲಿಂದ ಎರಡು ಕ್ರಾಸು ಕೆರೆ ಕಡೆಗೆ, ಅರ್ಧ ಕ್ರಾಸು ಮೇಲಕ್ಕೆ."

ಫನೋರನ ಕೈ ಏಳುವ ಮೊದಲೇ ಮೇಷ್ಟ್ರ ಬೆರಳು ಮಸುಕು ಮರದ ಮೇಲೆ ಬಂದು ನಿಂತಿತ್ತು. ಅಲ್ಲಿಂದ ಕೆರೆಯ ಕಡೆ ಎರಡು ಕ್ರಾಸು ಹೋಯಿತು, ಹೊತ್ತು ಹುಟ್ಟುವ ಕಡೆ ತಿರುಗಿತು, ಈಗಿನ ಊರಿನಲ್ಲಿ ಏನೂ ಇಲ್ಲದ ಖಾಲಿ ಜಾಗದಲ್ಲಿ ನಿಂತಿತು. ಕೆಳಗಿನ ಪದರದಲ್ಲಿ ಅಲ್ಲೊಂದು ಸಣ್ಣ ಚೌಕವಿತ್ತು.

"ಒಳಗೆ ಯಾರಿದಾರೆ?" ಎಂದು ಕೇಳಿದರು ಮೇಷ್ಟ್ರು.

"ಹೋಗಿ ನೋಡ್ಬೇಕು ಮೇಷ್ಟ್ರೇ. ದಾಳ ಹಾಕಿ."

ಮೇಷ್ಟ್ರು ಡಬ್ಬಿಗೆ ಕೈಹಾಕಿದರು. ಮೇಜು ಮತ್ತೆ ವಾಲಿತು, ಊರು ಜಾರಿತು. "ಒಂದ್ನಿಮಿಷ ಇರಿ," ಎಂದು ತೊಡೆಯ ಮೇಲಿದ್ದ ದಪ್ಪ ಪುಸ್ತಕವನ್ನು ಬಗ್ಗಿ ಗಿಡ್ಡ ಕಾಲಿನಡಿ ಸೇರಿಸಿ, ಮೇಜನ್ನು ಅಲ್ಲಾಡಿಸಿ ನೋಡಿದರು. ಅಲುಗಲಿಲ್ಲ. ಮೇಜಿನಡಿ ತೆಲ್ಮಾಳ ಕಾಲು ಮಾತ್ರ ಇನ್ನೂ ಕುಣಿಯುತ್ತಿತ್ತು.