ತಾಡಪತ್ರಿಯ ಮೇಲೆ ತುಂಬಿದ ಕೆರೆ

1995ರಲ್ಲಿ ನಾನು ಓದು ನಿಲ್ಲಿಸಿದೆ. ಆಗ ಏಳನೆಯ ತರಗತಿ. ತೊಟ್ಟಿಗೆ ಒಂದು ನಳದಿಂದ ನೀರು ಬರುತ್ತದೆ, ಇನ್ನೊಂದರಿಂದ ಹೋಗುತ್ತದೆ, ಎಷ್ಟು ತಾಸಿಗೆ ತುಂಬುತ್ತದೆ ಎಂದು ಲೆಕ್ಕದ ಮಾಸ್ತರರು ಕೇಳಿದ್ದರು. ಹೋಗುವ ನಳವನ್ನು ಮೊದಲು ಮುಚ್ಚಬೇಕ್ರಿ ಎಂದೆ. ಬೆಂಚಿನ ಮೇಲೆ ನಿಲ್ಲಿಸಿದರು. ಇಳಿದವನು ಮತ್ತೆ ಆ ಕಡೆ ಹೋಗಲಿಲ್ಲ. ಅಂದಿನಿಂದ ಬೋರಿನೊಳಗೆ ಮೋಟರ್ ಇಳಿಸುವುದು, ಕೆಟ್ಟರೆ ಎತ್ತುವುದು ನನ್ನ ಕಸುಬು. ಲಿಂಗಸುಗೂರಿನಿಂದ ಮಸ್ಕಿಯವರೆಗೆ ನಾನು ಕೈ ಹಾಕದ ಬೋರು ಕಡಿಮೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಮ್ಮ ಕಸುಬಿನಲ್ಲಿ ನೀರನ್ನು ಅಳೆಯುವುದು ಪೈಪಿನಲ್ಲಿ. ಒಂದು ಪೈಪೆಂದರೆ ಇಪ್ಪತ್ತು ಅಡಿ. ನಾನು ಕೆಲಸ ಕಲಿಯುವಾಗ ಏಳು ಪೈಪು ಇಳಿಸಿದರೆ ಮೋಟರ್ ನೀರಿನಲ್ಲಿ ಮುಳುಗುತ್ತಿತ್ತು. ಈಗ ಅದೇ ಹೊಲಗಳಲ್ಲಿ ಮೂವತ್ತು ಇಳಿಸಿ, ಗುಂಡಿ ಒತ್ತಿ, ಮಾಲಕನ ಮುಖ ನೋಡದೆ ನಿಲ್ಲುತ್ತೇನೆ.

ಸಿಂಧನೂರು, ಗೊರೇಬಾಳ, ಜವಳಗೇರಾ ಕಡೆಯವರಿಗೆ ಕಾಲುವೆ ಇದೆ. ಅವರು ನೀರಿನ ಬಗ್ಗೆ ಮಾತಾಡುವುದು ನಾವು ಗಾಳಿಯ ಬಗ್ಗೆ ಮಾತಾಡಿದ ಹಾಗೆ. ನಮ್ಮೂರು ಮಸ್ಕಿಗೂ ಲಿಂಗಸುಗೂರಿಗೂ ನಡುವೆ ದಿನ್ನೆಯ ಮೇಲಿದೆ. ಕಾಲುವೆ ದಿನ್ನೆ ಹತ್ತುವುದಿಲ್ಲ. ನಮಗಿರುವುದು ಒಂದು ಕೆರೆ, ಅದರ ಸುತ್ತ ಬೋರು. ಕೆರೆ ಕುಡಿದದ್ದನ್ನು ಬೋರು ಕೊಡುತ್ತದೆ. ಇಷ್ಟು ತಿಳಿಯಲು ಏಳನೆಯ ತರಗತಿ ಸಾಕು. ಹೆಚ್ಚು ಓದಿದವರಿಗೆ ಸ್ವಲ್ಪ ಕಷ್ಟವಾಗುತ್ತದೆ.

ನನ್ನ ಬೋರು ಕೆರೆಯ ಏರಿಯ ಕೆಳಗೆ, ಮನೆಯ ಹಿಂದೆ. ಜಾಗ ಗುರುತಿಸಿದವನು ನಾನೇ. ಹದಿನಾಲ್ಕು ವರ್ಷ ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಊರಿನ ನಳದಲ್ಲಿ ವಾರಕ್ಕೊಮ್ಮೆ ನೀರು, ಹಾಗಾಗಿ ಓಣಿಯ ಹನ್ನೊಂದು ಮನೆಗಳು ಕುಡಿಯುವುದು ಇದನ್ನೇ.

ಹಿಂದೆ ಶ್ರಾವಣವೆಂದರೆ ವಾರಗಟ್ಟಲೆ ಜಿಟಿಜಿಟಿ ಮಳೆ. ನೆಲ ನಿಧಾನವಾಗಿ ಕುಡಿಯುತ್ತಿತ್ತು, ಕೆರೆ ಕೋಡಿ ಬೀಳುತ್ತಿತ್ತು. ಈಗಿನ ಮಳೆಗೆ ದೊಡ್ಡ ಸಾಹೇಬರ ಚಾಳಿ: ಯಾವಾಗ ಬರುತ್ತದೋ ತಿಳಿಯದು, ಬಂದರೆ ಒಂದೇ ತಾಸಿನಲ್ಲಿ ಗದ್ದಲವೆಲ್ಲ ಮಾಡಿ, ಯಾರ ಅಹವಾಲನ್ನೂ ಕೇಳದೆ ಹೊರಟುಬಿಡುತ್ತದೆ. ಉಳಿದ ದಿನ ಬಿಸಿಲು. ಶ್ರಾವಣದಲ್ಲೂ ಮೋಟರ್ ಎತ್ತುವ ಕಬ್ಬಿಣದ ಚೈನು ಮುಟ್ಟಿದರೆ ಅಂಗೈ ಸುಡುತ್ತದೆ.

ಎರಡು ವರ್ಷದ ಹಿಂದೆ ಇಂಥ ಶ್ರಾವಣದಲ್ಲೇ ನಮ್ಮ ಕೆರೆ ಸಮಿತಿಯವರು ಬಾಗಿನ ಇಟ್ಟುಕೊಂಡರು. ತುಂಬಿದ ಕೆರೆಗೆ ಮೊರದಲ್ಲಿ ಬಳೆ, ಕುಂಕುಮ, ಕುಬಸದ ಖಣ, ತೆಂಗಿನಕಾಯಿ ಇಟ್ಟು ಅರ್ಪಿಸುವ ಪದ್ಧತಿ ಅದು. ಅತಿಥಿಯಾಗಿ ಜಿಲ್ಲೆಯ ದೊಡ್ಡ ಸಾಹೇಬರು ಸಿಕ್ಕರು, ಪೆಂಡಾಲು ಸಿಕ್ಕಿತು. ಕೆರೆಯಲ್ಲಿ ನೀರು ಮಾತ್ರ ಇರಲಿಲ್ಲ. ವಾರ ಮೊದಲು ಸಮಿತಿಯ ಅಧ್ಯಕ್ಷರು ನನ್ನ ಮನೆಗೆ ಬಂದರು.

“ಮೇಸ್ತ್ರಿ, ಕಾರ್ಡ್ ಅಚ್ಚಾಗ್ಯಾವ. ಸಾಹೇಬ್ರು ಬರೋ ಗುರುವಾರ ಬರಾಕತ್ಯಾರ.”

“ತಾರೀಖು ಮುಂದ ಹಾಕ್ರಲ್ಲ.”

“ಮಳಿ ಮುಂದಕ್ಕ ಹೋದ್ರ ಯಾವಾಗರ ಬರ್ತೈತಿ. ಸಾಹೇಬ್ರು ಹೋದ್ರ ಮತ್ತ ಸಿಗಂಗಿಲ್ಲ. ಕೆರಿ ಸುತ್ತ ಐದು ಬೋರು ಅದಾವಿಲ್ಲೋ? ಅವುಗಳ ನೀರು ಯಾರದು? ಕೆರಿದು. ಕೆರಿಗೆ ವಾಪಸ್ ಕೊಟ್ರ ಆತು.”

ಆಮೇಲೆ ಅವರು ಮೆಲ್ಲಗೆ ಅಂದರು: “ಇಂಜಿನಿಯರಗ ಹೇಳಿದ್ರ ಪುಸ್ತಕ ತಗೀತಾನ. ಇದು ನಿನ್ನ ಕೈಲಿ ಆಗೋ ಕೆಲಸಪಾ.”

ಅಷ್ಟು ಸಾಕಾಯಿತು. ಒಪ್ಪಿಕೊಂಡೆ.

ಇಡೀ ಕೆರೆ ತುಂಬುವುದು ಆಗದ ಮಾತು. ಮೆಟ್ಟಿಲ ಮುಂದೆ ಮಣ್ಣಿನ ಒಡ್ಡು ಹಾಕಿಸಿ, ಫೋಟೋದಲ್ಲಿ ಕಾಣುವಷ್ಟು ಜಾಗ ಕಟ್ಟಿಸಿದೆ. ನನ್ನದನ್ನು ಬಿಟ್ಟು ಸುತ್ತಲಿನ ಐದು ಬೋರಿನಿಂದ ಪೈಪು ಎಳೆದು ಒಂದು ದಿನ ಪೂರ್ತಿ ನೀರು ಬಿಟ್ಟೆವು. ಸಂಜೆ ನೋಡಿದರೆ ಬರೀ ಕೆಸರು.

“ಈ ಕೆರಿ ಬಾಳ ಕುಡಿತೈತಲ್ಲೋ!” ಎಂದು ಅಧ್ಯಕ್ಷರು ಸಿಟ್ಟಾದರು, ಕೆರೆ ಏನೋ ಕೆಟ್ಟ ಚಟ ಕಲಿತಿದೆ ಎನ್ನುವ ಹಾಗೆ.

ಉಪಾಯ ಹೊಳೆದದ್ದು ನನಗೇ. ಗೊರೇಬಾಳದಲ್ಲಿ ನನ್ನ ಷಡ್ಡಕನಿದ್ದಾನೆ, ಅವನ ಹತ್ತಿರ ಭತ್ತ ಒಣಗಿಸುವ ದೊಡ್ಡ ಪ್ಲಾಸ್ಟಿಕ್ ಹಾಸು, ತಾಡಪತ್ರಿಗಳಿವೆ. ಆರು ತಂದು ಕೆರೆಯ ತಳಕ್ಕೆ ಹಾಸಿ, ಅಂಚಿಗೆ ಮಣ್ಣು ಮುಚ್ಚಿದೆ. ಏರಿಯ ಮೇಲೆ ಕುರಿ ಮೇಯಿಸುವ ಕಾಕಾ ಒಬ್ಬರು ಕೋಲಿಗೆ ಗದ್ದ ಊರಿ ನೋಡುತ್ತಿದ್ದರು.

“ಏನಲೇ, ಇದು ಕೆರಿನೋ, ರಾಶಿ ಮಾಡೋ ಕಣನೋ?”

“ನೀರು ಇಂಗಬಾರದು ಅಂತ ಕಾಕಾ.”

“ಕೆರ್ಯಾಗ ಇಂಗಲಿಲ್ಲಂದ್ರ ನಿನ್ನ ಬೋರಿಗೆ ಯಾರಪ್ಪ ತಂದು ಹಾಕ್ತಾನ?”

ಕೆಲಸದ ಗಡಿಬಿಡಿಯಲ್ಲಿ ಮುಂದಿನ ತಾಡಪತ್ರಿ ಬಿಡಿಸಿದೆ. ಅದೇ ಹೊತ್ತಿಗೆ ಮೇಲ್ಗಡೆ ಒಂದು ಜೆಸಿಬಿ ಕೆರೆಗೆ ಮಳೆನೀರು ತರುವ ಹಳ್ಳವನ್ನು ಮುಚ್ಚಿ ಸಪಾಟು ಮಾಡುತ್ತಿತ್ತು. ಸಾಹೇಬರ ಕಾರುಗಳು ನಿಲ್ಲಬೇಕಿತ್ತು. ಅದನ್ನೂ ನೋಡಿದೆ.

ಮಂಗಳವಾರ ಐದೂ ಬೋರು ಗಾಳಿ ಉಗುಳತೊಡಗಿದವು. ತಾಡಪತ್ರಿಯ ಮೇಲೆ ನೀರು ಇನ್ನೂ ಪಾದ ಮುಳುಗುವಷ್ಟೇ ಇತ್ತು. ಅಧ್ಯಕ್ಷರು ಮತ್ತೆ ಬಂದರು. “ನಿನ್ನ ಬೋರು ಬತ್ತಂಗಿಲ್ಲ ಅಂತ ನೀನ ಹೇಳ್ತಿಯಲ್ಲಪಾ.”

ಹೆಂಡತಿ ಒಳಗಿನಿಂದ ಬಂದಳು. “ಓಣಿ ಮಂದಿ ಕುಡಿಯೋ ನೀರ್ರೀ ಅದು.”

“ಎರಡು ದಿನದ ಮಾತು. ಅದಕ್ಕೇನಾಗಂಗಿಲ್ಲ, ನೀ ಸುಮ್ಮಿರು.”

“ನಮ್ಮ ಬೋರು ಬತ್ತಂಗಿಲ್ಲ ಅಂತ ಮಸ್ಕಿ ಬಸ್‌ಸ್ಟ್ಯಾಂಡ್ ತನಕ ಹೇಳಿ ಬಂದೀರಿ. ಬೋರಿಗೆ ಹೇಳೀರೇನು?”

ಅಧ್ಯಕ್ಷರ ಮುಂದೆ ಹೆಂಡತಿಯ ಮಾತು ಕೇಳುವುದು ಇಜ್ಜತ್ತಿನ ಪ್ರಶ್ನೆಯೆಂದು ಆಗ ಅನ್ನಿಸಿತು. ಪೈಪು ಜೋಡಿಸಿದೆ. ಕರೆಂಟು ಇದ್ದಷ್ಟು ಹೊತ್ತು, ಎರಡು ದಿನ ನನ್ನ ಮೋಟರ್ ಓಡಿತು.

ಗುರುವಾರ ಎಲ್ಲ ಸಾಂಗವಾಗಿ ನಡೆಯಿತು. ಸಾಹೇಬರು ಮೆಟ್ಟಿಲಿಳಿದು, “ಬಾಳ ಆಳ ಐತೇನು?” ಎಂದು ಕೇಳಿದರು. “ಬಾಳ ಐತ್ರಿ ಸಾಹೇಬ್ರ, ಮುಂದ ಹೋಗಬ್ಯಾಡ್ರಿ,” ಎಂದು ಅಧ್ಯಕ್ಷರು ಕೈ ಹಿಡಿದರು. ನೀರು ಮೊಣಕಾಲು ಮುಟ್ಟುತ್ತಿರಲಿಲ್ಲ. ಬಿಟ್ಟ ಮೊರ ಎರಡು ಮಾರು ಹೋಗಿ ತಾಡಪತ್ರಿಯ ಮಡಿಕೆಗೆ ಸಿಕ್ಕಿಕೊಂಡು ನಿಂತಿತು. ಊರಿನವರ ಭಕ್ತಿಗೆ ವರುಣದೇವ ಒಲಿದಿದ್ದಾನೆ ಎಂದು ಭಾಷಣವಾಯಿತು. ನನಗೂ ಒಂದು ಶಾಲು ಹೊದಿಸಿದರು. ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಓಣಿಯವರು ಕೊಡ ಇಟ್ಟುಕೊಂಡು ಸಾಲು ನಿಂತರು. ಗುಂಡಿ ಒತ್ತಿದೆ. ಪೈಪು ಎರಡು ಸಲ ಕೆಮ್ಮಿತು, ಒಂದು ಹಿಡಿ ಕೆಂಪು ರಾಡಿ ಉಗುಳಿ ಸುಮ್ಮನಾಯಿತು. ಬೇರೆಯವರ ಬೋರಿನ ಹತ್ತಿರ ಈ ಸದ್ದು ನೂರು ಸಲ ಕೇಳಿದ್ದೇನೆ. ಆಗೆಲ್ಲ ಸಮಾಧಾನ ಹೇಳುವುದು ನನ್ನ ಪಾಳಿ.

“ಅಣ್ಣಾ,” ಎಂದಳು ಎದುರು ಮನೆಯ ಹೆಣ್ಣುಮಗಳು, “ಆ ಶಾಲು ಹಿಂಡಿದ್ರ ಒಂದು ಕೊಡ ಬರ್ತೈತೇನು ನೋಡು.”

ಮುಂದಿನ ಒಂಬತ್ತು ದಿನ ಎರಡು ಮೈಲಿ ದೂರದ ಹೊಲದ ಬೋರಿನಿಂದ, ಮೋಟರ್ ಸಾಗಿಸುವ ನನ್ನ ಗಾಡಿಯಲ್ಲಿ ಓಣಿಗೆಲ್ಲ ನೀರು ತಂದೆ. ಹತ್ತನೆಯ ದಿನ ಮಧ್ಯಾಹ್ನ ಮಳೆ ಬಂತು. ಶ್ರಾವಣದ್ದನ್ನೆಲ್ಲ ಸೇರಿಸಿ ಒಮ್ಮೆಲೇ ಸುರಿಯಿತು. ಏರಿಯ ಮೇಲೆ ಓಡಿದೆ. ಮೇಲಿನ ಹೊಲಗಳಿಂದ ಕೆಂಪು ನೀರು ಧುಮುಕಿ ಬಂತು. ಕಾರು ನಿಂತ ಸಪಾಟು ಜಾಗಕ್ಕೆ ಬಂದು, ಹಳ್ಳ ಕಾಣದೆ, ರಸ್ತೆಗೆ ಹೊರಳಿ ಕಾಲುವೆಯವರ ಊರಿನ ಕಡೆ ಹೊರಟುಹೋಯಿತು.

ಕಾಕಾ ಕಂಬಳಿ ಹೊದ್ದು ನಿಂತಿದ್ದರು. “ನೀರಿಗೆ ಪಾರ್ಕಿಂಗ್ ಸಿಗಲಿಲ್ಲ ನೋಡಪಾ,” ಎಂದರು.

ಮರುದಿನ ಸಲಿಕೆ, ಹಾರೆ ಹಿಡಿದು ಹಳ್ಳ ಬಿಡಿಸತೊಡಗಿದೆ. ಅಧ್ಯಕ್ಷರು ಬೈಕ್ ನಿಲ್ಲಿಸಿ, “ಇದು ಸರ್ಕಾರಿ ಜಾಗ, ಪರವಾನಗಿ ಬೇಕು,” ಎಂದರು.

“ಮುಚ್ಚೋವಾಗ ಯಾರು ಕೊಟ್ಟಿದ್ರಿ?”

ಅವರಿಗೆ ಮಸ್ಕಿಯಲ್ಲಿ ಜರೂರು ಕೆಲಸ ನೆನಪಾಯಿತು. ಎರಡು ದಿನ ಒಬ್ಬನೇ ಅಗೆದೆ. ಮೂರನೆಯ ದಿನ ಹೆಂಡತಿ ಬುಟ್ಟಿ ತಂದಳು, ಅವಳ ಹಿಂದೆ ಓಣಿಯವರು ಬಂದರು. ಬೈಯುತ್ತಲೇ ಮಣ್ಣು ಹೊತ್ತರು. ತಾಡಪತ್ರಿಗಳನ್ನು ಎಳೆದು ಹಾಕಿದೆವು. ಆರರಲ್ಲಿ ನಾಲ್ಕು ಹರಿದಿದ್ದವು, ಷಡ್ಡಕ ಇನ್ನೂ ನನ್ನೊಡನೆ ನೆಟ್ಟಗೆ ಮಾತಾಡುವುದಿಲ್ಲ.

ದಸರಾ ದಾಟಿದ ಮೇಲೆ ಎರಡು ಮಳೆ ಬಂದವು, ಅವೂ ಅವಸರದವೇ. ಹಳ್ಳ ತೆರೆದಿದ್ದರಿಂದ ಈ ಸಲ ನೀರು ಕೆರೆಗೆ ಇಳಿಯಿತು. ಅರ್ಧ ಕೆರೆ. ಇಂಗಲು ಬಿಟ್ಟು ಇಪ್ಪತ್ತು ದಿನ ಕಾದೆ; ಅಲ್ಲಿಯವರೆಗೂ ಗಾಡಿಯಲ್ಲಿ ನೀರು ತರುವುದು ತಪ್ಪಲಿಲ್ಲ. ಆಮೇಲೆ ಮೋಟರ್ ಎತ್ತಿ, ಪೈಪು ಸೇರಿಸಿ, ಮತ್ತೆ ಇಳಿಸಿದೆ. ನೀರು ಬಂತು, ಮೊದಲಿನ ಜೋರಿಲ್ಲ. ಅದರ ಬಗ್ಗೆ ಈಗ ಬಸ್‌ಸ್ಟ್ಯಾಂಡಿನಲ್ಲಿ ಮಾತಾಡುವುದಿಲ್ಲ.

ಈಗ ನನ್ನ ಹತ್ತಿರ ಇರುವುದು ಮೂರು ಕಾಲಿನ ಒಂದು ಸ್ಟ್ಯಾಂಡು, ಎರಡು ಚೈನು, ನಟ್ಟು ಬಿಗಿಯುವ ಐದು ಪಾನಾ, ಒಂದು ಗಾಡಿ, ಒಂದು ಬೋರು. ಬೋರಿನೊಳಗೆ ಹದಿನೆಂಟು ಪೈಪು; ಮೊದಲು ಹದಿಮೂರಿದ್ದವು. ದಿನಕ್ಕೆ ಮನೆಗೆ ನಾಲ್ಕು ಕೊಡದಂತೆ, ಹನ್ನೊಂದು ಮನೆಗೆ ನಲವತ್ನಾಲ್ಕು ಕೊಡ ನೀರು.