ಔಷಧಿಯಿಲ್ಲದ ಸೂಜಿ

ಗುಂಡ್ಲುಪೇಟೆಯಲ್ಲಿ ಇಂಜೆಕ್ಷನ್ ಹಾಕದವರನ್ನು ಯಾರೂ ಡಾಕ್ಟರೆಂದು ಒಪ್ಪುವುದಿಲ್ಲ. ನಾನಂತೂ ಬರೀ ಫಿಸಿಯೋಥೆರಪಿಸ್ಟು. ಲಾರಿಗೆ ಈರುಳ್ಳಿ ಮೂಟೆ ಹೊರುವ ಸಿದ್ದರಾಜಣ್ಣ ತೊಡೆ ಹಿಡಿದುಕೊಂಡು ಬಂದಾಗ ಅವರಿಗೆ ಕುಕ್ಕರಗಾಲಲ್ಲಿ ಕೂರಲೂ ಆಗುತ್ತಿರಲಿಲ್ಲ. ಸ್ನಾಯು ಗಂಟು ಕಟ್ಟಿತ್ತು. ಸೂಜಿ ಚುಚ್ಚಿ ಗಂಟು ಸಡಿಲಿಸುವ ಡ್ರೈ ನೀಡ್ಲಿಂಗ್ ಮಾಡೋಣವೆಂದು ಕೂದಲೆಳೆಯಂಥ ಸೂಜಿ ತೆಗೆದೆ.

"ಔಸ್ದಿ ಎಲ್ಲವ್ವ?"

"ಇದಕ್ಕೆ ಔಷಧಿ ಇಲ್ಲ ಅಣ್ಣ, ಬರೀ ಸೂಜಿ."

"ಬರೀ ಸೂಜಿ ಚುಚ್ಚಕೆ ನಾನೇನು ಗೋಣಿಚೀಲ್ವಾ?"

ಕಾಯುತ್ತಿದ್ದವರೆಲ್ಲ ನಕ್ಕರು. ನನಗೂ ರೇಗಿತು. "ಆಮೇಲೂ ಕೂರಕ್ಕಾಗದಿದ್ರೆ ಹೊರಗಿನ ಬೋರ್ಡು ಇಳಿಸಿಬಿಡ್ತೀನಿ, ಮಲಗಿ" ಎಂದೆ.

ಸೂಜಿ ಗಂಟಿಗೆ ತಾಗಿದ್ದೇ ತಡ, ತೊಡೆಯ ಸ್ನಾಯು ಮೀನಿನಂತೆ ಎಗರಿತು.

"ಒಳಗೇನೋ ಒದೀತು ಕಣವ್ವ!"

"ಅದೇ ಬೇಕಿತ್ತು!"

ಸೂಜಿ ತೆಗೆದು ಎಬ್ಬಿಸಿದೆ. ಅವರು ಅನುಮಾನದಿಂದಲೇ ಮಂಡಿ ಮಡಿಸಿದರು. ಪೂರ್ತಿ ಕೂತರು. ನೆಲಕ್ಕೆ ಕೈಯೂರದೆ ಎದ್ದರು. ನಂಬಿಕೆ ಬಾರದೆ ಮತ್ತೆ ಕೂತು ಎದ್ದರು. ಬಾಗಿಲಲ್ಲಿ ಇಣುಕುತ್ತಿದ್ದವರು ಚಪ್ಪಾಳೆ ತಟ್ಟಿದರು. ನನ್ನ ಬೋರ್ಡು ಉಳಿಯಿತು. ನಾನು ಕೋಟಿನ ಕಾಲರು ಸರಿಮಾಡಿಕೊಂಡೆ.

ಸಿದ್ದರಾಜಣ್ಣ ಹಲ್ಲು ಬಿಡುತ್ತಾ ಹೋಗಿ ಮತ್ತೆ ಮಂಚದ ಮೇಲೆ ಬೋರಲು ಮಲಗಿದರು.

"ಕಾಲು ಸರ್ಯಾಯ್ತು ಕಣವ್ವ. ಇನ್ನ ಇಂಜೆಕ್ಸನ್ ಆಕ್ಬುಡು, ಓಯ್ತೀನಿ."